ರುಚಿ ನೋಡದೆ ಮಾಡುವ ಈದ್ ಬಿಸ್ಕತ್ತು



ಈದ್ ಹತ್ತಿರವಾಗುತ್ತಿದ್ದಂತೆ ಈ ಅಂಕಣಕ್ಕೆ ಒಂದು ಬೇಡಿಕೆ ತಪ್ಪದೆ ಬರುತ್ತದೆ. ಮಕ್ಕಳಿಗೆ ಬೇಕರಿಯ ಚಾಕೊಲೇಟ್ ಕುಕ್ಕೀಸ್ ಬೇಕು, ಅದನ್ನು ಮನೆಯಲ್ಲೇ ಮಾಡುವುದು ಹೇಗೆ, ಓವನ್ ಇಲ್ಲದವರು ಏನು ಮಾಡಬೇಕು ಎಂದು ಹಲವರು ಕೇಳುತ್ತಾರೆ. ಈ ಬಾರಿ ಶುಂಠಿ ಮತ್ತು ಕ್ಯಾರಮೆಲ್ ಸೇರಿಸಿದ ಚಾಕೊಲೇಟ್ ಬಿಸ್ಕತ್ತನ್ನು ಆರಿಸಿಕೊಂಡಿದ್ದೇನೆ. ಕಚ್ಚಿದರೆ ಮೊದಲು ಚಾಕೊಲೇಟ್, ನಡುವೆ ಅಂಟಂಟಾದ ಸಿಹಿ, ಕೊನೆಗೆ ಗಂಟಲಲ್ಲಿ ಶುಂಠಿಯ ಸಣ್ಣ ಕಾವು. ಮಕ್ಕಳಿಗೂ ಇಷ್ಟವಾಗುತ್ತದೆ, ಚಹಾದ ಜೊತೆ ಹಿರಿಯರಿಗೂ ಹಿಡಿಸುತ್ತದೆ.

ಆದರೆ ಈದುಲ್ ಫಿತ್ರ್‌ನ ತಿಂಡಿಗೆ ಒಂದು ಕಷ್ಟವಿದೆ. ಅದನ್ನು ಮಾಡುವವಳು ಉಪವಾಸದಲ್ಲಿರುತ್ತಾಳೆ. ಉಪ್ಪು ಸಾಕೇ, ಸಿಹಿ ಹೆಚ್ಚಾಯಿತೇ ಎಂದು ಬಾಯಿಗೆ ಹಾಕಿ ನೋಡುವ ಅಭ್ಯಾಸವನ್ನು ಒಂದು ತಿಂಗಳು ಬದಿಗಿಟ್ಟು ಅಡುಗೆ ಮಾಡಬೇಕು. ಸಾರು, ಪಲ್ಯಗಳಾದರೆ ಕೈಗೆ ರೂಢಿಯಾಗಿರುತ್ತದೆ. ವರ್ಷಕ್ಕೊಮ್ಮೆ ಮಾಡುವ ಬಿಸ್ಕತ್ತಿಗೆ ಆ ರೂಢಿಯೂ ಇಲ್ಲ. ಆದ್ದರಿಂದ ನಾಲಿಗೆಯ ಬದಲು ಕಣ್ಣು, ಮೂಗು, ಬೆರಳು, ತಕ್ಕಡಿ ಕೆಲಸ ಮಾಡಬೇಕು. ಅಂಗಡಿಯಿಂದ ತಂದ ವಸ್ತುವಿನ ವಿಷಯದಲ್ಲಿ ಅದರ ಲೇಬಲ್ಲೇ ನಮ್ಮ ನಾಲಿಗೆ. ಇದನ್ನು ಕಲಿತರೆ ರಮಝಾನ್‌ನಲ್ಲಿ ಮಾತ್ರವಲ್ಲ, ವರ್ಷವಿಡೀ ಉಪಯೋಗಕ್ಕೆ ಬರುತ್ತದೆ. ಮಕ್ಕಳ ಹೊಟ್ಟೆಗೆ ಏನು ಹೋಗುತ್ತಿದೆ ಎಂಬುದು ರುಚಿ ನೋಡಿದರೆ ತಿಳಿಯುವುದಿಲ್ಲ, ತಿಳಿದು ನೋಡಿದರೆ ಮಾತ್ರ ತಿಳಿಯುತ್ತದೆ.

ಶುಂಠಿ ನಮ್ಮದೇ

ಶುಂಠಿ ಬಿಸ್ಕತ್ತು ಎಂದೊಡನೆ ಅನೇಕರಿಗೆ ಯುರೋಪಿನ ಕ್ರಿಸ್ಮಸ್ ನೆನಪಾಗುತ್ತದೆ. ಅದು ನಿಜವೂ ಹೌದು. ಜರ್ಮನಿಯ ನ್ಯೂರೆಂಬರ್ಗ್ ನಗರದಲ್ಲಿ ಜೇನು ಮತ್ತು ಮಸಾಲೆ ಹಾಕಿದ ಬಿಸ್ಕತ್ತನ್ನು 600 ವರ್ಷಗಳಿಂದ ಮಾಡುತ್ತಾ ಬಂದಿದ್ದಾರೆ. ಆದರೆ ಅಂಥ ಬಿಸ್ಕತ್ತಿಗೆ ಬೇಕಾದ ಶುಂಠಿ ಯುರೋಪಿನ ಚಳಿಯಲ್ಲಿ ಬೆಳೆಯುವುದಲ್ಲ. ಅದು ನಮ್ಮ ಕಡಲಿನಿಂದ ಅರಬ್ ವ್ಯಾಪಾರಿಗಳ ಹಡಗು ಹತ್ತಿ ಹೋದದ್ದು. ಸುಮಾರು 1342ರಲ್ಲಿ ಮಂಗಳೂರಿಗೆ ಬಂದ ಪ್ರವಾಸಿ ಇಬ್ನ್ ಬತೂತ, ಇಲ್ಲಿ ಕರಿಮೆಣಸು ಮತ್ತು ಶುಂಠಿ ಹೇರಳವಾಗಿವೆ, ಪರ್ಷಿಯಾ ಮತ್ತು ಯೆಮನ್‌ನ ವ್ಯಾಪಾರಿಗಳು ಇಲ್ಲಿ ಇಳಿಯುತ್ತಾರೆ ಎಂದು ಬರೆದಿಟ್ಟಿದ್ದಾನೆ. ಇಂದಿಗೂ ಜಗತ್ತಿನಲ್ಲಿ ಅತಿ ಹೆಚ್ಚು ಶುಂಠಿ ಬೆಳೆಯುವ ದೇಶ ಭಾರತ. ಕೊಡಗು, ಹಾಸನ, ಮೈಸೂರು, ಶಿವಮೊಗ್ಗದ ಹೊಲಗಳಲ್ಲಿ ಬೆಳೆದ ಶುಂಠಿ ನಮ್ಮ ಸಂತೆಗೆ ಬರುತ್ತದೆ.

ಪವಿತ್ರ ಕುರ್‌ಆನ್‌ನ 'ಅಲ್ ಇನ್ಸಾನ್' ಅಧ್ಯಾಯದಲ್ಲಿ (76:17) ಸ್ವರ್ಗವಾಸಿಗಳಿಗೆ ಕೊಡಲಾಗುವ ಪಾನೀಯದಲ್ಲಿ ಶುಂಠಿ ಬೆರೆತಿರುವುದೆಂದು ಹೇಳಲಾಗಿದೆ. ಅಲ್ಲಿ ಬಳಸಿರುವ 'ಝಂಜಬೀಲ್' ಎಂಬ ಪದದ ಬೇರು ಪರ್ಷಿಯನ್ ದಾಟಿ ನಮ್ಮ ದೇಶದ ಪ್ರಾಚೀನ ಭಾಷೆಗಳವರೆಗೆ ಹೋಗುತ್ತದೆ. ಸಕ್ಕರೆಯದೂ ಅದೇ ಕಥೆ. ನಮ್ಮ ಶರ್ಕರವೇ ಅರಬಿಯಲ್ಲಿ 'ಸುಕ್ಕರ್' ಆಗಿ ಯುರೋಪಿನ ಭಾಷೆಗಳಿಗೆ ಹೋಯಿತು.

ಶುಂಠಿಯ ಗುಣ ಅದನ್ನು ಬಳಸುವ ರೀತಿಯಂತೆ ಬದಲಾಗುತ್ತದೆ. ಹಸಿ ಶುಂಠಿಯ ಖಾರಕ್ಕೆ ಕಾರಣ ಜಿಂಜರಾಲ್ ಎಂಬ ಅಂಶ. ಒಣಗಿಸಿದಾಗ ಅದು ಶೋಗಾಲ್ ಆಗಿ ಖಾರ ಹೆಚ್ಚಾಗುತ್ತದೆ. ಬೇಯಿಸಿದಾಗ ಜಿಂಜರೋನ್ ಎಂಬ ಮೃದುವಾದ ಪರಿಮಳದ ಅಂಶ ಹುಟ್ಟುತ್ತದೆ. ಅದಕ್ಕಾಗಿಯೇ ಈ ಬಿಸ್ಕತ್ತಿಗೆ ಎರಡು ಬಗೆಯ ಶುಂಠಿ ಹಾಕುತ್ತೇವೆ. ಒಣ ಶುಂಠಿಯ ಪುಡಿ ಹಿಟ್ಟಿನೊಳಗೆ ಕಾವು ಕೊಡುತ್ತದೆ, ಸಕ್ಕರೆ ಪಾಕದಲ್ಲಿ ಬೇಯಿಸಿದ ಶುಂಠಿಯ ತುಂಡು ಬಾಯಿಗೆ ಸಿಕ್ಕಿದಾಗ ಪರಿಮಳ ಕೊಡುತ್ತದೆ. ಹಸಿ ಶುಂಠಿಯನ್ನು ಮಾತ್ರ ನೇರವಾಗಿ ಹಾಲು, ಕೆನೆಗೆ ಹಾಕಬೇಡಿ. ಅದರಲ್ಲಿರುವ ಕಿಣ್ವ ಹಾಲನ್ನು ಒಡೆಯುತ್ತದೆ. ಚಹಾಕ್ಕೆ ಶುಂಠಿ ಹಾಕುವಾಗ ಮೊದಲು ನೀರಿನಲ್ಲಿ ಕುದಿಸಿ ಆಮೇಲೆ ಹಾಲು ಹಾಕುತ್ತೇವಲ್ಲ, ಅದರ ಗುಟ್ಟು ಇದೇ.

ಚಾಕೊಲೇಟ್ ಎಂಬ ಹೆಸರು

ಅಡಿಕೆ ತೋಟದ ನೆರಳಿನಲ್ಲಿ ಕೊಕ್ಕೋ ಗಿಡ ನೋಡದವರು ದಕ್ಷಿಣ ಕನ್ನಡದಲ್ಲಿ ಕಡಿಮೆ. ಕಾಯಿ ಒಡೆದು ಬಿಳಿ ತಿರುಳನ್ನು ಚೀಪಿ ಬೀಜ ಉಗಿಯುವುದು ಮಕ್ಕಳ ರಜೆಯ ಆಟ. ಆ ಬೀಜವನ್ನೇ ಸುಮಾರು ಒಂದು ವಾರ ಹುದುಗಿಸಿ, ಒಣಗಿಸಿ, ಹುರಿದು, ಅರೆದರೆ ಚಾಕೊಲೇಟಿನ ಮೂಲವಸ್ತು ಸಿಗುತ್ತದೆ. ಅದನ್ನು ಒತ್ತಿ ಹಿಂಡಿದಾಗ ಹೊರಬರುವ ಕೊಬ್ಬು ಕೋಕೋ ಬೆಣ್ಣೆ, ಉಳಿದ ಹಿಂಡಿಯ ಪುಡಿ ಕೋಕೋ ಪುಡಿ. ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕ್ಯಾಂಪ್ಕೋ ಸಹಕಾರಿ ಸಂಸ್ಥೆ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಹೀಗಾಗಿ ಚಾಕೊಲೇಟ್ ನಮಗೆ ಪರದೇಶದ ವಸ್ತುವೇನೂ ಅಲ್ಲ.

ಆದರೆ ಅಂಗಡಿಯಲ್ಲಿ ಕಂದು ಬಣ್ಣದ ಗಟ್ಟಿಯಾಗಿ ಸಿಗುವುದೆಲ್ಲ ಚಾಕೊಲೇಟ್ ಅಲ್ಲ. ಬೇಕರಿ ಸಾಮಾನಿನ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗುವ ದೊಡ್ಡ ಗಟ್ಟಿಗಳಲ್ಲಿ ಹೆಚ್ಚಿನವು 'ಕಾಂಪೌಂಡ್'. ಅದರಲ್ಲಿ ಕೋಕೋ ಬೆಣ್ಣೆಯ ಬದಲು ತಾಳೆಯಂಥ ಬೇರೆ ಸಸ್ಯಜನ್ಯ ಕೊಬ್ಬು, ಸ್ವಲ್ಪ ಕೋಕೋ ಪುಡಿ, ಬಹಳಷ್ಟು ಸಕ್ಕರೆ ಇರುತ್ತದೆ. ಕಾಂಪೌಂಡ್ ಮಾರುವುದು ತಪ್ಪಲ್ಲ, ಪೊಟ್ಟಣದ ಮೇಲೆ ಹಾಗೆಂದೇ ಬರೆದಿರುತ್ತದೆ. ಓದದೆ ಕೊಳ್ಳುವುದರಿಂದ ನಷ್ಟ ನಮಗೆ. ಪಶ್ಚಿಮ ಆಫ್ರಿಕಾದಲ್ಲಿ ಬೆಳೆ ಕೈಕೊಟ್ಟು 2024ರ ಡಿಸೆಂಬರಿನಲ್ಲಿ ಕೋಕೋ ಬೆಲೆ ಜಾಗತಿಕ ಮಾರುಕಟ್ಟೆಯಲ್ಲಿ ಟನ್ನಿಗೆ 12,000 ಡಾಲರ್ ದಾಟಿತ್ತು. ಮುಂದಿನ ವರ್ಷ ಅದು ಇಳಿಯಿತು. ಕೋಕೋ ಬೆಣ್ಣೆ ದುಬಾರಿಯಾದಷ್ಟೂ ಅದರ ಜಾಗಕ್ಕೆ ಅಗ್ಗದ ಕೊಬ್ಬನ್ನು ತರುವ ಆಸೆ ತಯಾರಕರಿಗೆ ಹೆಚ್ಚುತ್ತದೆ ಎಂಬುದನ್ನು ನೆನಪಿಡಬೇಕು.

ಲೇಬಲ್ ಓದಲು ಎರಡು ನಿಮಿಷ ಸಾಕು. ಸಾಮಗ್ರಿಗಳ ಪಟ್ಟಿಯಲ್ಲಿ ಯಾವುದು ಹೆಚ್ಚು ತೂಕದ್ದೋ ಅದರ ಹೆಸರು ಮೊದಲು ಬರುತ್ತದೆ. ಕೋಕೋ ಮಾಸ್, ಕೋಕೋ ಬಟರ್ ಎಂಬ ಹೆಸರುಗಳು ಮೇಲಿನ ಸಾಲಿನಲ್ಲೇ ಇದ್ದರೆ ಅದು ಚಾಕೊಲೇಟ್. ಸಕ್ಕರೆಯ ಬೆನ್ನಿಗೇ 'ಹೈಡ್ರೋಜನೇಟೆಡ್ ವೆಜಿಟೇಬಲ್ ಫ್ಯಾಟ್' ಅಥವಾ 'ಪಾಮ್ ಕರ್ನಲ್' ಎಂದಿದ್ದರೆ ಅದು ಕಾಂಪೌಂಡ್. ಹೃದಯಕ್ಕೆ ಕೆಟ್ಟದ್ದಾದ ಟ್ರಾನ್ಸ್ ಕೊಬ್ಬು ಎಣ್ಣೆ, ವನಸ್ಪತಿಗಳಲ್ಲಿ ಶೇಕಡಾ 2ನ್ನು ಮೀರಬಾರದೆಂಬ ಎಫ್‌ಎಸ್‌ಎಸ್‌ಎಐ ನಿಯಮ 2022ರ ಜನವರಿಯಿಂದ ಜಾರಿಯಲ್ಲಿದೆ. ಪೊಟ್ಟಣದ ಹಿಂದೆ ಅದರ ಪ್ರಮಾಣವನ್ನೂ ನೋಡಿ. ಇನ್ನೊಂದು ಮನೆ ಪರೀಕ್ಷೆ ಇದೆ. ಕೋಕೋ ಬೆಣ್ಣೆ ನಮ್ಮ ಮೈ ಬಿಸಿಗಿಂತ ಸ್ವಲ್ಪ ಕೆಳಗೆ, ಸುಮಾರು 34 ಡಿಗ್ರಿಯಲ್ಲಿ ಕರಗುತ್ತದೆ. ಆದ್ದರಿಂದ ನಿಜವಾದ ಚಾಕೊಲೇಟಿನ ಸಣ್ಣ ಚೂರನ್ನು ಮುಷ್ಟಿಯಲ್ಲಿ ಹಿಡಿದರೆ ಸ್ವಲ್ಪ ಹೊತ್ತಿನಲ್ಲಿ ಮೆತ್ತಗಾಗುತ್ತದೆ. ಹೆಚ್ಚಿನ ಕಾಂಪೌಂಡ್ ಮೇಣದಂತೆ ಜಿಗುಟಾಗಿ ಉಳಿಯುತ್ತದೆ. ಆದರೂ ಖಚಿತವಾಗಿ ತಿಳಿಯಬೇಕಿದ್ದರೆ ಲೇಬಲ್ಲನ್ನೇ ಓದಿ.

ವೆನಿಲ್ಲಾ ಎಸೆನ್ಸ್ ವಿಷಯದಲ್ಲೂ ಕೆಲವರು ಕೇಳಿದ್ದಾರೆ. ಕೆಲವು ಎಸೆನ್ಸ್‌ಗಳನ್ನು ಆಲ್ಕೋಹಾಲಿನಲ್ಲಿ ಕರಗಿಸಿರುತ್ತಾರೆ. ಪೊಟ್ಟಣದ ಹಸಿರು ಚಿಹ್ನೆ ಸಸ್ಯಾಹಾರವೋ ಅಲ್ಲವೋ ಎಂಬುದನ್ನು ಮಾತ್ರ ಹೇಳುತ್ತದೆ, ಆಲ್ಕೋಹಾಲಿನ ಬಗ್ಗೆ ಅಲ್ಲ. ಈ ಬಿಸ್ಕತ್ತಿಗೆ ಎಸೆನ್ಸ್ ಬೇಕಾಗಿಯೇ ಇಲ್ಲ. ಎರಡು ಏಲಕ್ಕಿ ಪುಡಿ ಮಾಡಿ ಹಾಕಿದರೆ ಸಾಕು.

ಪಾಕ ಗೊತ್ತಿದ್ದವರಿಗೆ ಕ್ಯಾರಮೆಲ್ ಗೊತ್ತು

ಕ್ಯಾರಮೆಲ್ ಎಂದರೆ ಹದವಾಗಿ ಸುಟ್ಟ ಸಕ್ಕರೆ. ಇಫ್ತಾರ್‌ಗೆ ಕ್ಯಾರಮೆಲ್ ಪುಡ್ಡಿಂಗ್ ಮಾಡುವವರಿಗೆ ಇದು ಹೊಸದಲ್ಲ. ಸಕ್ಕರೆ ಸುಮಾರು 160 ಡಿಗ್ರಿ ದಾಟುವಾಗ ಕರಗಿ ಬಣ್ಣ ತಿರುಗತೊಡಗುತ್ತದೆ. ಮೊದಲು ತಿಳಿ ಹಳದಿ, ಆಮೇಲೆ ಜೇನಿನ ಬಣ್ಣ, ಆಮೇಲೆ ತಾಮ್ರದ ಬಣ್ಣ. ತಾಮ್ರದ ಬಣ್ಣ ಬಂದಾಗ ಉರಿ ಆರಿಸಬೇಕು. ಅಲ್ಲಿಂದ ಕಹಿಯಾಗಲು ಅರ್ಧ ನಿಮಿಷವೂ ಬೇಡ. ಮೂಗಿಗೆ ಹುರಿದ ಬೀಜದಂಥ ಪರಿಮಳ ಬಂದರೆ ಹದ ಸರಿ. ಕಣ್ಣಿಗೆ ತಾಗುವ ಹೊಗೆ ಎದ್ದರೆ ಆ ಸಕ್ಕರೆ ಬಳಕೆಗಿಲ್ಲ.

ಬೆಣ್ಣೆ, ಕೆನೆ ಸೇರಿಸಿದ ಮೇಲೆ ಎಷ್ಟು ಹೊತ್ತು ಕುದಿಸಬೇಕೆಂಬುದಕ್ಕೆ ನಮ್ಮ ಅಜ್ಜಿಯರ ಪರೀಕ್ಷೆಯೇ ಸಾಕು. ಬಟ್ಟಲಿನಲ್ಲಿ ತಣ್ಣೀರು ಇಟ್ಟು ಒಂದು ಹನಿ ಪಾಕ ಬಿಡಿ. ನೀರಿನಲ್ಲಿ ಕರಗಿ ಹರಡಿದರೆ ಎಳತು. ಬೆರಳಿನಿಂದ ಒಟ್ಟು ಮಾಡಿದಾಗ ಉಂಡೆಯಾಗಿ, ಮೇಲೆತ್ತಿದರೂ ಆಕಾರ ಉಳಿಸಿಕೊಂಡು, ಒತ್ತಿದರೆ ಮಾತ್ರ ಬಗ್ಗಿದರೆ ಅದೇ ನಮಗೆ ಬೇಕಾದ ಉಂಡೆ ಪಾಕ. ಥರ್ಮಾಮೀಟರ್ ಇದ್ದವರು ನೋಡಿದರೆ ಅದು ಸುಮಾರು 120 ಡಿಗ್ರಿ ತೋರಿಸುತ್ತದೆ. ಬಾಯಿಗೆ ಹಾಕದೆ ಹದ ತಿಳಿಯುವ ವಿದ್ಯೆ ನಮ್ಮ ಅಡುಗೆ ಮನೆಯಲ್ಲಿ ಮೊದಲಿನಿಂದಲೂ ಇದೆ.

ಬೇಕಾಗುವ ಸಾಮಗ್ರಿಗಳು (ಸುಮಾರು 30 ಬಿಸ್ಕತ್ತಿಗೆ)

ಪಾಕದ ಶುಂಠಿಗೆ: ನಾರು ಕಡಿಮೆ ಇರುವ ಹಸಿ ಶುಂಠಿ 100 ಗ್ರಾಂ, ಸಕ್ಕರೆ 100 ಗ್ರಾಂ, ನೀರು ಅರ್ಧ ಕಪ್.

ಕ್ಯಾರಮೆಲ್‌ಗೆ: ಸಕ್ಕರೆ 100 ಗ್ರಾಂ, ಬೆಣ್ಣೆ 30 ಗ್ರಾಂ, ಪ್ಯಾಕೆಟ್ಟಿನ ತಾಜಾ ಕ್ರೀಮ್ 4 ಟೇಬಲ್ ಚಮಚ, ಉಪ್ಪು ಒಂದು ಚಿಟಿಕೆ.

ಹಿಟ್ಟಿಗೆ: ಮೈದಾ 150 ಗ್ರಾಂ, ಸಿಹಿ ಇಲ್ಲದ ಕೋಕೋ ಪುಡಿ 35 ಗ್ರಾಂ, ಬೆಣ್ಣೆ 120 ಗ್ರಾಂ, ಬೆಲ್ಲದ ಪುಡಿ 80 ಗ್ರಾಂ, ಪುಡಿ ಸಕ್ಕರೆ 60 ಗ್ರಾಂ, ಮೊಟ್ಟೆ 1, ಒಣ ಶುಂಠಿಯ ಪುಡಿ ಒಂದೂವರೆ ಟೀ ಚಮಚ, ಏಲಕ್ಕಿ 2, ಅಡುಗೆ ಸೋಡಾ ಅರ್ಧ ಟೀ ಚಮಚ, ಉಪ್ಪು ಕಾಲು ಟೀ ಚಮಚ (ಉಪ್ಪು ಹಾಕಿದ ಬೆಣ್ಣೆಯಾದರೆ ಬೇಡ), ಸಣ್ಣಗೆ ಕತ್ತರಿಸಿದ ಡಾರ್ಕ್ ಚಾಕೊಲೇಟ್ 100 ಗ್ರಾಂ, ಪಾಕದ ಶುಂಠಿಯ ಚೂರು 50 ಗ್ರಾಂ.

ರುಚಿ ನೋಡದೆ ಮಾಡುವ ತಿಂಡಿಗೆ ಕಪ್ಪಿನ ಅಳತೆಗಿಂತ ತೂಕದ ಅಳತೆ ನಂಬಿಕೆಗೆ ಯೋಗ್ಯ. ಮೈದಾವನ್ನು ಕಪ್ಪಿಗೆ ಒತ್ತಿ ತುಂಬುವುದಕ್ಕೂ ಸಡಿಲವಾಗಿ ತುಂಬುವುದಕ್ಕೂ 30 ಗ್ರಾಂವರೆಗೆ ವ್ಯತ್ಯಾಸ ಬರಬಹುದು. ಸಣ್ಣ ತಕ್ಕಡಿ ಇಲ್ಲದಿದ್ದರೆ ದಿನಸಿ ಅಂಗಡಿಯಲ್ಲೇ ತೂಗಿಸಿ ಬೇರೆ ಬೇರೆ ಪೊಟ್ಟಣ ಕಟ್ಟಿಸಿಕೊಳ್ಳಿ.

ಕೋಕೋ ಪುಡಿಯಲ್ಲಿ ಎರಡು ವಿಧ. ಸಾದಾ ಪುಡಿ ತುಸು ಹುಳಿ ಗುಣದ್ದು, ಅಡುಗೆ ಸೋಡಾದೊಂದಿಗೆ ಸೇರಿ ಬಿಸ್ಕತ್ತನ್ನು ಉಬ್ಬಿಸುತ್ತದೆ. 'ಆಲ್ಕಲೈಸ್ಡ್' ಅಥವಾ 'ಡಚ್ ಪ್ರೊಸೆಸ್ಡ್' ಎಂದು ಬರೆದಿರುವ ಗಾಢ ಬಣ್ಣದ ಪುಡಿಯಲ್ಲಿ ಆ ಹುಳಿ ಇರುವುದಿಲ್ಲ. ಅಂಥದ್ದಾದರೆ ಸೋಡಾ ಬದಲು 1 ಟೀ ಚಮಚ ಬೇಕಿಂಗ್ ಪೌಡರ್ ಹಾಕಿ.

ಮಾಡುವ ವಿಧಾನ

ಮೊದಲ ದಿನ, ಶುಂಠಿ: ಸಿಪ್ಪೆ ಹೆರೆದು ಕಡಲೆ ಬೇಳೆಗಿಂತ ಸ್ವಲ್ಪ ದೊಡ್ಡ ಚೂರು ಮಾಡಿ. ನೀರಿನಲ್ಲಿ 10 ನಿಮಿಷ ಕುದಿಸಿ ಬಸಿಯಿರಿ. ಹೊಸ ನೀರು ಹಾಕಿ ಇನ್ನೊಮ್ಮೆ ಹಾಗೆಯೇ ಮಾಡಿ. ಇದರಿಂದ ಖಾರ ತಗ್ಗಿ ಮಕ್ಕಳೂ ತಿನ್ನುವಂತಾಗುತ್ತದೆ. ನಂತರ ಸಕ್ಕರೆ ಮತ್ತು ಅರ್ಧ ಕಪ್ ನೀರು ಸೇರಿಸಿ ಸಣ್ಣ ಉರಿಯಲ್ಲಿ ಪಾಕ ಗಟ್ಟಿಯಾಗುವವರೆಗೆ, ಸುಮಾರು 20 ರಿಂದ 25 ನಿಮಿಷ, ಬೇಯಿಸಿ. ಚೂರುಗಳನ್ನು ಸೋಸಿ ತಟ್ಟೆಯಲ್ಲಿ ಹರಡಿ ರಾತ್ರಿಯಿಡೀ ಆರಲು ಬಿಡಿ. ಉಳಿದ ಪಾಕವನ್ನು ಚೆಲ್ಲಬೇಡಿ. ಬಾಟಲಿಯಲ್ಲಿಟ್ಟು ಲಿಂಬೆ ಶರಬತ್ತಿಗೋ ಚಹಾಕ್ಕೋ ಬಳಸಿ.

ಎರಡನೇ ದಿನ, ಕ್ಯಾರಮೆಲ್: ದಪ್ಪ ತಳದ ಪಾತ್ರೆಯಲ್ಲಿ ಸಕ್ಕರೆಯನ್ನು ಮಾತ್ರ ಹಾಕಿ ಸಣ್ಣ ಉರಿಯಲ್ಲಿಡಿ. ಸೌಟು ಹಾಕಿ ಕಲಕಬೇಡಿ, ಪಾತ್ರೆಯನ್ನೇ ಮೆಲ್ಲಗೆ ಅಲ್ಲಾಡಿಸಿ. ಇನ್ನೊಂದು ಕಡೆ ಕ್ರೀಮನ್ನು ಬೆಚ್ಚಗೆ ಮಾಡಿಟ್ಟುಕೊಳ್ಳಿ. ಸಕ್ಕರೆ ತಾಮ್ರದ ಬಣ್ಣಕ್ಕೆ ಬಂದಾಗ ಉರಿ ಆರಿಸಿ ಬೆಣ್ಣೆ ಹಾಕಿ. ನಂತರ ಮುಖ ದೂರವಿಟ್ಟು ಕ್ರೀಮನ್ನು ಸ್ವಲ್ಪ ಸ್ವಲ್ಪವೇ ಸುರಿಯಿರಿ. ಭುಸ್ಸೆಂದು ಉಕ್ಕುತ್ತದೆ, ಆದ್ದರಿಂದ ಪಾತ್ರೆ ದೊಡ್ಡದಿರಲಿ. ಉಪ್ಪು ಹಾಕಿ ಮತ್ತೆ ಸಣ್ಣ ಉರಿಯಲ್ಲಿ ಉಂಡೆ ಪಾಕ ಬರುವವರೆಗೆ ಕಲಕಿ. ಬೆಣ್ಣೆ ಸವರಿದ ತಟ್ಟೆಗೆ ಸುರಿದು, ಆರಿದ ಮೇಲೆ ಫ್ರಿಜ್‌ನಲ್ಲಿಟ್ಟು, 30 ಸಣ್ಣ ತುಂಡು ಮಾಡಿ.

ಮೂರನೇ ದಿನ, ಬಿಸ್ಕತ್ತು: ಮೈದಾ, ಕೋಕೋ, ಸೋಡಾ, ಶುಂಠಿ ಪುಡಿ, ಏಲಕ್ಕಿ ಪುಡಿ, ಉಪ್ಪು ಸೇರಿಸಿ ಎರಡು ಬಾರಿ ಜರಡಿ ಹಿಡಿಯಿರಿ. ಮೆತ್ತಗಾದ ಬೆಣ್ಣೆ, ಬೆಲ್ಲ, ಪುಡಿ ಸಕ್ಕರೆಗಳನ್ನು ಬಣ್ಣ ತಿಳಿಯಾಗುವವರೆಗೆ ಚೆನ್ನಾಗಿ ಕಲಸಿ ಮೊಟ್ಟೆ ಸೇರಿಸಿ. ಮೊಟ್ಟೆ ಬೇಡವಾದರೆ 3 ಟೇಬಲ್ ಚಮಚ ಗಟ್ಟಿ ಮೊಸರು ಆಗುತ್ತದೆ. ಜರಡಿ ಹಿಡಿದ ಹಿಟ್ಟು ಹಾಕಿ, ಒಟ್ಟಾಗುವಷ್ಟು ಮಾತ್ರ ಕಲಸಿ. ಚಪಾತಿ ಹಿಟ್ಟಿನಂತೆ ನಾದಿದರೆ ಬಿಸ್ಕತ್ತು ಗಡುಸಾಗುತ್ತದೆ. ಕೊನೆಗೆ ಚಾಕೊಲೇಟ್ ಮತ್ತು ಶುಂಠಿ ಚೂರು ಬೆರೆಸಿ ಒಂದು ಗಂಟೆ ಫ್ರಿಜ್‌ನಲ್ಲಿಡಿ. ಹಿಟ್ಟನ್ನು 30 ಉಂಡೆ ಮಾಡಿ. ಪ್ರತಿ ಉಂಡೆಯ ನಡುವೆ ಒಂದು ಕ್ಯಾರಮೆಲ್ ತುಂಡು ಇಟ್ಟು, ಹೋಳಿಗೆಯ ಹೂರಣ ಮುಚ್ಚುವಂತೆ ಎಲ್ಲೂ ಬಿರುಕಿಲ್ಲದೆ ಮುಚ್ಚಿ ಸ್ವಲ್ಪ ಚಪ್ಪಟೆ ಮಾಡಿ. ಬಿರುಕು ಇದ್ದರೆ ಕ್ಯಾರಮೆಲ್ ಹೊರಗೆ ಹರಿದು ತಟ್ಟೆಗೆ ಹಿಡಿಯುತ್ತದೆ.

ಓವನ್ ಇರುವವರು 170 ಡಿಗ್ರಿಗೆ ಮೊದಲೇ ಕಾಯಿಸಿ, ಬಟರ್ ಪೇಪರ್ ಹಾಸಿದ ತಟ್ಟೆಯಲ್ಲಿ ದೂರ ದೂರ ಇಟ್ಟು 11 ರಿಂದ 12 ನಿಮಿಷ ಬೇಯಿಸಿ. ಕಪ್ಪು ಬಿಸ್ಕತ್ತು ಬೆಂದಿದೆಯೇ ಎಂಬುದು ಬಣ್ಣದಿಂದ ತಿಳಿಯುವುದಿಲ್ಲ. ಅಂಚು ಗಟ್ಟಿಯಾಗಿ, ಮಧ್ಯ ಇನ್ನೂ ಮೆತ್ತಗಿದ್ದು, ಮೇಲ್ಮೈಯ ಹೊಳಪು ಹೋಗಿದ್ದರೆ ತೆಗೆಯಬೇಕು. ಆಗ ಅದು ಮುರಿಯುವಷ್ಟು ಮೃದುವಾಗಿರುತ್ತದೆ. ಮುಟ್ಟದೆ 10 ನಿಮಿಷ ತಟ್ಟೆಯಲ್ಲೇ ಬಿಡಿ, ತಾನೇ ಗಟ್ಟಿಯಾಗುತ್ತದೆ.

ಓವನ್ ಇಲ್ಲದಿದ್ದರೆ

ಕೆಳಗೆ ಬೆಂಕಿ, ಮುಚ್ಚಳದ ಮೇಲೆ ಕೆಂಡ ಇಟ್ಟು ಬಿರಿಯಾನಿಗೆ ದಮ್ ಕೊಡುವ ಮನೆಗಳಲ್ಲಿ ಓವನ್ ಇಲ್ಲವೆಂಬ ಚಿಂತೆ ಬೇಡ. ಹಳೆಯ ದಪ್ಪ ತಳದ ಅಲ್ಯೂಮಿನಿಯಂ ಪಾತ್ರೆ ತೆಗೆದುಕೊಳ್ಳಿ. ತಳದಲ್ಲಿ ಎರಡು ಕಪ್ ಕಲ್ಲುಪ್ಪು ಹರಡಿ, ಅದರ ಮೇಲೆ ಪಾತ್ರೆ ಇಡುವ ಸ್ಟ್ಯಾಂಡ್ ಇಡಿ. ಬಿಗಿಯಾಗಿ ಮುಚ್ಚಿ ಮಧ್ಯಮ ಉರಿಯಲ್ಲಿ 12 ನಿಮಿಷ ಕಾಯಿಸಿ. ನಂತರ ಐದಾರು ಬಿಸ್ಕತ್ತು ಇಟ್ಟ ಸ್ಟೀಲ್ ತಟ್ಟೆಯನ್ನು ಸ್ಟ್ಯಾಂಡಿನ ಮೇಲಿಟ್ಟು, ಮುಚ್ಚಿ, ಸಣ್ಣ ಉರಿಯಲ್ಲಿ 15 ರಿಂದ 18 ನಿಮಿಷ ಬೇಯಿಸಿ. ತಟ್ಟೆ ಪಾತ್ರೆಯ ಬದಿಗೆ ತಾಗಬಾರದು, ಬಿಸಿ ಗಾಳಿ ಸುತ್ತಲು ಜಾಗ ಬೇಕು. ಪ್ರತಿ ಸಲವೂ ಮುಚ್ಚಳದ ಒಳಬದಿಯ ನೀರಹನಿ ಒರೆಸಿ. ಒಟ್ಟು ಐದಾರು ಸರದಿ ಆಗುತ್ತದೆ. ಅದಕ್ಕೆ ಒಂದೂವರೆ ಗಂಟೆಗೂ ಮೀರಿ ಸಮಯವಿಟ್ಟುಕೊಳ್ಳಿ, ತನ್ನ ಸರದಿಗೆ ಕಾಯುವ ಉಂಡೆಗಳು ಫ್ರಿಜ್‌ನಲ್ಲೇ ಇರಲಿ. ಉಪ್ಪನ್ನು ಡಬ್ಬಿಯಲ್ಲಿಟ್ಟು ಮತ್ತೆ ಇದೇ ಕೆಲಸಕ್ಕೆ ಬಳಸಬಹುದು.

ಅತಿ ಮುಖ್ಯವಾದ ಮಾತು

ಕುದಿಯುವ ನೀರು 100 ಡಿಗ್ರಿ. ಕ್ಯಾರಮೆಲ್ ಅದಕ್ಕಿಂತ ಎಷ್ಟೋ ಹೆಚ್ಚು ಬಿಸಿ, ಮೇಲಾಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಇಫ್ತಾರ್‌ಗೆ ಅರ್ಧ ಗಂಟೆ ಇರುವಾಗ, ಹಸಿವು ಬಾಯಾರಿಕೆಯಿಂದ ಕೈ ನಡುಗುವ ಹೊತ್ತಿನಲ್ಲಿ, ಒಲೆಯ ಸುತ್ತ ಮಕ್ಕಳು ಓಡಾಡುತ್ತಿರುವಾಗ ಈ ಕೆಲಸಕ್ಕೆ ಕೈ ಹಾಕಬೇಡಿ. ಇಫ್ತಾರ್ ಮುಗಿದು ಮನಸ್ಸು ಸಾವಧಾನವಾದ ಮೇಲೆ, ಅಥವಾ ಬೆಳಗ್ಗೆ ಮಕ್ಕಳು ಏಳುವ ಮೊದಲು ಮಾಡಿ. ಪಾತ್ರೆಯ ಹಿಡಿಯನ್ನು ಒಳಬದಿಗೆ ತಿರುಗಿಸಿಡಿ. ದುಪಟ್ಟಾದ ಸೆರಗನ್ನು ಬಿಗಿಯಾಗಿ ಕಟ್ಟಿಕೊಳ್ಳಿ.

ಒಂದು ವೇಳೆ ಸುಟ್ಟರೆ ಕೂಡಲೇ ನಲ್ಲಿಯ ತಂಪು ನೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಬಳೆ, ಉಂಗುರಗಳನ್ನು ಊತ ಬರುವ ಮೊದಲೇ ತೆಗೆಯಿರಿ. ಅಂಟಿಕೊಂಡ ಸಕ್ಕರೆಯನ್ನು ಎಳೆದು ಕೀಳಬೇಡಿ, ಚರ್ಮವೂ ಬರುತ್ತದೆ. ಟೂತ್‌ಪೇಸ್ಟ್, ಅರಿಶಿನ, ಬೆಣ್ಣೆ, ಮಂಜುಗಡ್ಡೆ ಯಾವುದೂ ಬೇಡ. ಗಾಯವನ್ನು ಶುಭ್ರವಾದ ಬಟ್ಟೆಯಿಂದ ಸಡಿಲವಾಗಿ ಮುಚ್ಚಿ. ಬೊಬ್ಬೆ ಎದ್ದರೆ, ಮುಖಕ್ಕೆ ತಾಗಿದ್ದರೆ, ಗಾಯ ಮಗುವಿನದಾಗಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ.

ಡಬ್ಬಿ ತುಂಬಿದ ಮೇಲೆ

ಪೂರ್ತಿ ಆರಿದ ಬಿಸ್ಕತ್ತನ್ನು ಮಾತ್ರ ಡಬ್ಬಿಗೆ ಹಾಕಿ, ಗಾಳಿಯಾಡದಂತೆ ಮುಚ್ಚಿ. ಒಂದು ವಾರ ಚೆನ್ನಾಗಿರುತ್ತದೆ. ಚಾಂದ್ರಮಾನ ವರ್ಷ ಸುಮಾರು 11 ದಿನ ಚಿಕ್ಕದಾದ್ದರಿಂದ ನಮ್ಮ ಈದ್ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಬೇಸಿಗೆಯಲ್ಲಿ ಬಂದರೆ ಚಾಕೊಲೇಟ್ ಕರಗುತ್ತದೆ, ಮಳೆಗಾಲದಲ್ಲಿ ಬಂದರೆ ಕ್ಯಾರಮೆಲ್ ತೇವ ಹೀರಿ ಬಿಸ್ಕತ್ತು ಮೆತ್ತಗಾಗುತ್ತದೆ. ಕರಾವಳಿಯ ಮಳೆಯಲ್ಲಾದರೆ ಮೂರ್ನಾಲ್ಕು ದಿನಕ್ಕಾಗುವಷ್ಟೇ ಮಾಡುವುದು ಒಳ್ಳೆಯದು. 2000ನೇ ಇಸವಿಯ ಡಿಸೆಂಬರಿನಲ್ಲಿ ಈದುಲ್ ಫಿತ್ರ್ ಮತ್ತು ಕ್ರಿಸ್ಮಸ್ ಒಂದೇ ವಾರದಲ್ಲಿ ಬಂದಿದ್ದವು. 2030ರ ದಶಕದ ಆರಂಭದಲ್ಲಿ ಮತ್ತೆ ಹಾಗೆ ಬರಲಿವೆ. ಮಂಗಳೂರಿನ ಕ್ರೈಸ್ತ ನೆರೆಮನೆಯಿಂದ ಕುಸ್ವಾರ್ ತಟ್ಟೆ ಬಂದಾಗ ಅದನ್ನು ಬರಿದಾಗಿ ಹಿಂತಿರುಗಿಸುವ ಪದ್ಧತಿ ನಮ್ಮಲ್ಲಿಲ್ಲ. ಕಿಡಿಯೊ, ನೆವ್ರಿಗಳ ತಟ್ಟೆಯಲ್ಲಿ ಈ ಬಿಸ್ಕತ್ತು ಚೆನ್ನಾಗಿ ಹೊಂದುತ್ತದೆ.

ಸಿಹಿಯ ಬಗ್ಗೆ ಮುಚ್ಚುಮರೆ ಬೇಡ. ಮೇಲಿನ ಲೆಕ್ಕದಲ್ಲಿ ಒಂದು ಬಿಸ್ಕತ್ತಿಗೆ ಸುಮಾರು 10 ಗ್ರಾಂ, ಅಂದರೆ ಎರಡು ಟೀ ಚಮಚಕ್ಕಿಂತ ತುಸು ಹೆಚ್ಚು ಸಕ್ಕರೆ ಬೀಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ವಯಸ್ಕರಿಗೆ ದಿನಕ್ಕೆ ಎಲ್ಲ ಬಗೆಯ ಸೇರಿಸಿದ ಸಕ್ಕರೆಯೂ 50 ಗ್ರಾಂ ಮೀರಬಾರದು, 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು. ಬೆಲ್ಲ ಹಾಕಿದ ಮಾತ್ರಕ್ಕೆ ಸಕ್ಕರೆ ಕಾಯಿಲೆಯವರಿಗೆ ಇದು ಪಥ್ಯವಾಗುವುದಿಲ್ಲ. ಅಂಥ ಹಿರಿಯರಿಗೆ ಇಡೀ ಬಿಸ್ಕತ್ತಿನ ಬದಲು ಕಾಲು ತುಂಡು ಕೊಟ್ಟು, ಜೊತೆಗೆ ಸಕ್ಕರೆ ಇಲ್ಲದ ಶುಂಠಿ ಚಹಾ ಕೊಡಿ. ಅವರೂ ಹಬ್ಬದಲ್ಲಿ ಪಾಲುಗೊಂಡಂತಾಗುತ್ತದೆ.

ಈದ್ ಸಮಯದಲ್ಲಿ ಮನೆಯಲ್ಲೇ ಬಿಸ್ಕತ್ತು ಮಾಡಿ ಮಾರುವ ಸಹೋದರಿಯರು ಈಗ ಊರೂರಿನಲ್ಲಿದ್ದಾರೆ. ಮನೆಯ ಖರ್ಚಿಗೆ ಅದೊಂದು ದೊಡ್ಡ ಆಸರೆ. ಹಾಗೆ ಮಾರುವವರಿಗೂ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು, ಅರ್ಜಿಯನ್ನು ಆನ್‌ಲೈನ್‌ನಲ್ಲೇ ಸಲ್ಲಿಸಬಹುದು. ಬೆಲೆ ಕಟ್ಟುವಾಗ ಗ್ಯಾಸ್, ಡಬ್ಬಿ, ನಿಮ್ಮ ದುಡಿಮೆಯ ಗಂಟೆಗಳನ್ನೂ ಸೇರಿಸಿ. ಬೆಲೆ ತಗ್ಗಿಸಲು ಕಾಂಪೌಂಡ್ ಬಳಸಿದರೆ ಡಬ್ಬಿಯ ಮೇಲೆ ಕಾಂಪೌಂಡ್ ಎಂದೇ ಬರೆಯಿರಿ. ಮೈದಾ, ಹಾಲು, ಮೊಟ್ಟೆ ಇವೆ ಎಂಬುದನ್ನೂ ಬರೆಯಿರಿ. ಮೊಟ್ಟೆಯೋ ಗೋಧಿಯೋ ಒಗ್ಗದ ಮಗು ಆ ಮನೆಯಲ್ಲಿ ಇರಬಹುದು. ಕೊಳ್ಳುವವರು ನಮ್ಮ ಅಡುಗೆ ಮನೆಯನ್ನು ನೋಡಿರುವುದಿಲ್ಲ. ನಮ್ಮ ಮಾತನ್ನು ನಂಬಿ ಮಕ್ಕಳ ಕೈಗೆ ಕೊಡುತ್ತಾರೆ. ಆ ನಂಬಿಕೆ ಒಂದು ಅಮಾನತ್ತು.

ಕೊನೆಯದಾಗಿ, ಈ ಕೆಲಸವನ್ನು ಚಂದ್ರದರ್ಶನದ ರಾತ್ರಿಗೆ ಇಟ್ಟುಕೊಳ್ಳಬೇಡಿ. ರಮಝಾನ್‌ನ ಕೊನೆಯ ಹತ್ತು ರಾತ್ರಿಗಳು ಮಹಿಳೆಯರಿಗೂ ಸೇರಿದ್ದು. ಅವು ಒಲೆಯ ಮುಂದೆಯೇ ಕಳೆದುಹೋಗಬಾರದು. ಮೇಲೆ ಹೇಳಿದಂತೆ ಮೂರು ದಿನಕ್ಕೆ ಹಂಚಿಕೊಂಡರೆ ದಿನಕ್ಕೆ ಹೆಚ್ಚು ಹೊತ್ತು ಬೇಡ. ಶುಂಠಿ ಹೆರೆಯುವುದು, ತೂಗುವುದು, ಜರಡಿ ಹಿಡಿಯುವುದು, ಉಂಡೆ ಕಟ್ಟುವುದು ಗಂಡಸರಿಗೂ ಮಕ್ಕಳಿಗೂ ಬರುವ ಕೆಲಸಗಳೇ. ಲೇಬಲ್ ಓದುವ ಕೆಲಸವನ್ನು ಶಾಲೆಗೆ ಹೋಗುವ ಮಗಳಿಗೋ ಮಗನಿಗೋ ವಹಿಸಿ. ಈ ಹಬ್ಬದಲ್ಲಿ ಒಮ್ಮೆ ಓದಿ ಕಲಿತ ಮಗು ಮುಂದೆ ಅಂಗಡಿಯಲ್ಲಿ ಪೊಟ್ಟಣ ತಿರುಗಿಸಿ ನೋಡದೆ ಕೊಳ್ಳುವುದಿಲ್ಲ.

ಈದ್ ನಮಾಝ್ ಮುಗಿಸಿ ಬಂದವರ ಮುಂದೆ ಡಬ್ಬಿ ತೆರೆದಾಗ, ನೀವೂ ಅವರೊಂದಿಗೆ ಕುಳಿತು ಮೊದಲ ತುಂಡನ್ನು ಬಾಯಿಗಿಡಿ. ಅದರಲ್ಲಿ ಏನಿದೆ ಎಂಬುದು ಅಷ್ಟರಲ್ಲಿ ನಿಮಗೆ ಚೆನ್ನಾಗಿ ತಿಳಿದಿರುತ್ತದೆ, ರುಚಿಯೊಂದೇ ಬಾಕಿ.